ಕೈಯಲ್ಲಿ ಕೆತ್ತಿದ ಅಚ್ಚಿನಿಂದ ಲಗ್ನಪತ್ರಿಕೆ: ಹಸೆ ಚಿತ್ತಾರದ ಒಂದು ಅಂಚಿನಿಂದ ಶುರು ಮಾಡಿ

ಮದುವೆ ಪತ್ರಿಕೆಯನ್ನು ಮನೆಯಲ್ಲೇ ಅಚ್ಚು ಹಾಕಬೇಕು ಅಂತ ಆಸೆ ಇರುವವರಿಗೆ ಮೊದಲೇ ಒಂದು ಮಾತು. ಇಡೀ ಪತ್ರಿಕೆಯನ್ನು ಕೆತ್ತಲು ಹೋಗಬೇಡಿ. ಮುಹೂರ್ತ, ಛತ್ರದ ವಿಳಾಸ, ಹಿರಿಯರ ಹೆಸರು, ಫೋನ್ ನಂಬರ್ ಎಲ್ಲ ಪ್ರಿಂಟರ್‌ನಲ್ಲೇ ಬರಲಿ. ಓದಿ ತಿಳಿಯಬೇಕಾದ ವಿಷಯ ಅದು, ಸ್ಪಷ್ಟವಾಗಿರಬೇಕು. ನೀವು ರಬ್ಬರಿನಲ್ಲಿ ಕೆತ್ತಬೇಕಾದ್ದು ಒಂದು ಅಂಚು, ಒಂದು ಚಿಕ್ಕ ಗುರುತು, ಅಷ್ಟೇ. ಈ ಎರಡು ಅಚ್ಚು ಚೆನ್ನಾಗಿ ಬಂದರೆ ಪತ್ರಿಕೆ, ಲಕೋಟೆ, ತಾಂಬೂಲದ ಚೀಲ, ಮದುವೆ ಮುಗಿದ ಮೇಲೆ ಕಳಿಸುವ ಕಾರ್ಡು ಎಲ್ಲಕ್ಕೂ ಅವೇ ಸಾಕು.

ಯಾವ ಚಿತ್ರ ಕೆತ್ತುವುದು? ಸಾಮಾನ್ಯವಾಗಿ ಎಲ್ಲರ ಮನಸ್ಸೂ ಗಣಪತಿಗೆ ಹೋಗುತ್ತದೆ. ಮೊದಲ ಸಲ ಕೆತ್ತುವವರಿಗೆ ಅದು ಕಷ್ಟ. ಸೊಂಡಿಲು, ಕಣ್ಣು, ಬೆರಳು ಎಲ್ಲ ಸಣ್ಣ ಸಣ್ಣ ಗೆರೆ, ಒಂದು ಕಡೆ ಕೈ ಜಾರಿದರೂ ಮುಖವೇ ಬದಲಾಗುತ್ತದೆ. ಮಾವಿನೆಲೆ ತೋರಣ, ಕಳಶ, ಅಡಿಕೆಯ ಹಿಂಗಾರ ಸುಲಭ. ಆದರೆ ನನ್ನನ್ನು ಕೇಳಿದರೆ ಹಸೆ ಚಿತ್ತಾರದಿಂದ ಶುರು ಮಾಡಿ ಅಂತಲೇ ಹೇಳುತ್ತೇನೆ.

ಶಿವಮೊಗ್ಗ ಜಿಲ್ಲೆಯ ಸಾಗರ, ಸೊರಬದ ಕಡೆ ದೀವರ ಸಮುದಾಯದ ಹೆಣ್ಣುಮಕ್ಕಳು ಮದುವೆ ಮನೆಯ ಗೋಡೆಗೆ ಬರೆಯುವ ಚಿತ್ತಾರ ಇದು. ಕೆಮ್ಮಣ್ಣು ಬಳಿದ ಗೋಡೆ, ಅದರ ಮೇಲೆ ಅಕ್ಕಿ ಹಿಟ್ಟಿನ ಬಿಳಿ ಗೆರೆ, ಪುಂಡಿ ನಾರಿನ ಕುಂಚ. ಮದುಮಕ್ಕಳು ಹಸೆಗೆ ಕೂರುವುದು ಆ ಗೋಡೆಯ ಮುಂದೆ. ಅಂದರೆ ಇದು ಮದುವೆಗೆ ಅಂತಲೇ ಹುಟ್ಟಿದ ಚಿತ್ರ. ಜೊತೆಗೆ ಇದರಲ್ಲಿ ಇರುವುದೆಲ್ಲ ನೇರ ಗೆರೆ, ತ್ರಿಕೋನ, ಒಂದರ ಪಕ್ಕ ಒಂದು ಓಡುವ ಸಾಲು. ರಬ್ಬರ್ ಕೆತ್ತುವ ಕೈಗೆ ಇದಕ್ಕಿಂತ ಒಳ್ಳೆಯ ಪಾಠ ಇಲ್ಲ.

ಇಲ್ಲಿ ಒಂದು ವಿಷಯ ಚೆನ್ನಾಗಿ ಅರ್ಥ ಮಾಡಿಕೊಳ್ಳಿ, ಉಳಿದ ಕೆಲಸ ಅರ್ಧ ಆದ ಹಾಗೆ. ಅಚ್ಚಿನಲ್ಲಿ ನೀವು ಕೆತ್ತಿ ತೆಗೆದ ಜಾಗಕ್ಕೆ ಬಣ್ಣ ತಾಗುವುದಿಲ್ಲ, ಉಳಿಸಿದ ಜಾಗಕ್ಕೆ ಮಾತ್ರ ತಾಗುತ್ತದೆ. ಸಾಮಾನ್ಯ ಚಿತ್ರವಾದರೆ ಗೆರೆಯನ್ನು ಉಳಿಸಿ ಅದರ ಸುತ್ತಲಿನದ್ದೆಲ್ಲ ತೆಗೆಯಬೇಕು. ಎರಡು ಕಡೆಯಿಂದಲೂ ಕೆತ್ತಬೇಕು, ನಡುವೆ ಉಳಿದ ತೆಳ್ಳನೆ ರಬ್ಬರ್ ಮುರಿಯದ ಹಾಗೆ ನೋಡಿಕೊಳ್ಳಬೇಕು. ಚಿತ್ತಾರದಲ್ಲಿ ಗೆರೆ ಬಿಳಿ, ಹಿನ್ನೆಲೆ ಕೆಂಪು. ಹಾಗಾಗಿ ಗೆರೆಯನ್ನೇ ಕೆತ್ತಿ ತೆಗೆದರೆ ಸಾಕು. ಉಳಿ ಒಂದು ಸಲ ಓಡಿತು ಅಂದರೆ ಒಂದು ಗೆರೆ ಮುಗಿಯಿತು. ಕೆಮ್ಮಣ್ಣಿನ ಬಣ್ಣದ ಇಂಕಿನಲ್ಲಿ ಒತ್ತಿದರೆ ಗೋಡೆಯ ಮೇಲಿನ ಚಿತ್ತಾರವೇ ಕಾಗದಕ್ಕೆ ಇಳಿದ ಹಾಗೆ ಕಾಣುತ್ತದೆ.

ಈಗ ಸಾಮಾನು. ಕೆತ್ತಲಿಕ್ಕೆ ಅಂತಲೇ ಮೆತ್ತನೆಯ ರಬ್ಬರ್ ಶೀಟು ಕಲಾಸಾಮಗ್ರಿ ಅಂಗಡಿಗಳಲ್ಲಿ, ಆನ್‌ಲೈನ್‌ನಲ್ಲಿ ಸಿಗುತ್ತದೆ. 6ರಿಂದ 8 ಮಿ.ಮೀ. ದಪ್ಪ ಇರುವುದನ್ನು ತೆಗೆದುಕೊಳ್ಳಿ. ಕಲಿಯಲಿಕ್ಕೆ ಮಕ್ಕಳ ಬಿಳಿ ಪ್ಲಾಸ್ಟಿಕ್ ರಬ್ಬರೇ ಸಾಕು, ಚಿಕ್ಕ ಗುರುತುಗಳಿಗೆ ಅದೇ ಚೆನ್ನ. ಅಚ್ಚು ಕೆತ್ತಲು ಬಳಸುವ ಇನ್ನೊಂದು ಶೀಟು ಲಿನೋಲಿಯಂ ಗಟ್ಟಿ, ಮಣಿಕಟ್ಟು ನೋಯುತ್ತದೆ, ಸದ್ಯಕ್ಕೆ ಬೇಡ. ಹಿಡಿ ಒಂದೇ ಇದ್ದು ಮೂತಿ ಬದಲಾಯಿಸುವಂಥ ಲಿನೋ ಕಟ್ಟರ್ ಕೊಳ್ಳಿ, ನಾನು ಉಳಿ ಅನ್ನುವುದು ಇದನ್ನೇ. ಗೆರೆಗೆ ವಿ ಆಕಾರದ ಸಣ್ಣ ಮೂತಿ, ಅಗಲದ ಜಾಗ ತೆಗೆಯಲು ಯು ಆಕಾರದ್ದು. ಒಂದು ಕಟ್ಟರ್ ಚಾಕು, ಟ್ರೇಸಿಂಗ್ ಪೇಪರ್, ಗಾಢವಾಗಿ ಬರೆಯುವ ಮೆತ್ತನೆಯ 4ಬಿ ಪೆನ್ಸಿಲ್, ಸ್ಟೀಲ್ ಸ್ಕೇಲು. ಮುಗಿಯಿತು.

ಅಳತೆ ಹೀಗೆ ಇಟ್ಟುಕೊಳ್ಳಿ. ಎ4 ಕಾಗದವನ್ನು ನಡುವೆ ಮಡಚಿದರೆ 148 × 210 ಮಿ.ಮೀ. ಕಾರ್ಡು ಬರುತ್ತದೆ. ಅದನ್ನು ಉದ್ದಕ್ಕೆ ಹಿಡಿದರೆ ಕೆಳಗಿನ ಅಂಚು 148 ಮಿ.ಮೀ. ಅಷ್ಟು ಉದ್ದದ ಒಂದೇ ಅಚ್ಚು ಕೆತ್ತಬೇಕಾಗಿಲ್ಲ. 46 ಮಿ.ಮೀ. ಉದ್ದ, 20 ಮಿ.ಮೀ. ಅಗಲದ ಒಂದು ತುಂಡು ಕೆತ್ತಿ ಅದನ್ನೇ ಪಕ್ಕ ಪಕ್ಕ ಮೂರು ಸಲ ಒತ್ತಿ. 138 ಆಯಿತು, ಎರಡು ಬದಿಗೂ 5 ಮಿ.ಮೀ. ಉಳಿಯುತ್ತದೆ. ಇಲ್ಲಿ ಜೋಡಣೆ ಕಾಣಬಾರದು ಅಂದರೆ ತುಂಡಿನ ಎರಡೂ ತುದಿಯಲ್ಲಿ ಚಿತ್ರ ಒಂದೇ ಎತ್ತರಕ್ಕೆ ಬಂದು ನಿಲ್ಲಬೇಕು. ತ್ರಿಕೋನದ ಸಾಲಾದರೆ ಎಡ ತುದಿಯಲ್ಲಿ ಅರ್ಧ ತ್ರಿಕೋನ, ಬಲ ತುದಿಯಲ್ಲಿ ಉಳಿದರ್ಧ. ಟ್ರೇಸಿಂಗ್ ಪೇಪರನ್ನು ಕೊಳವೆ ಹಾಗೆ ಸುತ್ತಿ ಎರಡು ತುದಿ ಸೇರಿಸಿ ನೋಡಿದರೆ ಗೊತ್ತಾಗುತ್ತದೆ.

ಚಿತ್ರವನ್ನು ರಬ್ಬರ್‌ಗೆ ಇಳಿಸುವುದು ಸುಲಭ. ಟ್ರೇಸಿಂಗ್ ಪೇಪರ್ ಮೇಲೆ ಪೆನ್ಸಿಲಿನಲ್ಲಿ ಗಾಢವಾಗಿ ಬರೆಯಿರಿ, ಬರೆದ ಬದಿಯನ್ನು ರಬ್ಬರ್‌ಗೆ ತಾಗುವ ಹಾಗೆ ಮಗುಚಿ ಇಟ್ಟು ಉಗುರಿನಿಂದ ಉಜ್ಜಿ. ಪೆನ್ಸಿಲ್ ಪೂರ್ತಿ ರಬ್ಬರ್‌ಗೆ ಬರುತ್ತದೆ, ಅದೂ ತಿರುಗುಮುರುಗಾಗಿ. ಒತ್ತಿದಾಗ ಕಾಗದದ ಮೇಲೆ ಸರಿಯಾಗಿ ಬೀಳಬೇಕಾದರೆ ಅಚ್ಚಿನಲ್ಲಿ ಅದು ಹಾಗೇ ಇರಬೇಕು. ಅಕ್ಷರ ಕೆತ್ತುವವರು ಮಾತ್ರ ಉಳಿ ಹಿಡಿಯುವ ಮೊದಲು ರಬ್ಬರನ್ನು ಒಂದು ಸಲ ಕನ್ನಡಿಗೆ ಹಿಡಿದು ಓದಿ.

ಅಕ್ಷರದ ವಿಷಯ ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ. ನಮ್ಮ ಅಕ್ಷರಗಳು ದುಂಡು. ದುಂಡನ್ನು ಕೆತ್ತುವುದು ನೇರ ಗೆರೆಗಿಂತ ನಿಧಾನ, ಆದರೆ ಬಂದ ಮೇಲೆ ನೋಡಲು ಬಹಳ ಚೆಂದ. ವಧುವರರ ಹೆಸರಿನ ಮೊದಲಕ್ಷರ ಎರಡನ್ನೇ ಕೆತ್ತಿ, ಒಂದೊಂದೂ 15 ಮಿ.ಮೀ. ಎತ್ತರಕ್ಕೆ ಕಡಿಮೆ ಬೇಡ. ಒತ್ತಕ್ಷರ ಇದ್ದರೆ ಇನ್ನೂ ದೊಡ್ಡದು ಮಾಡಿ. 'ಶ್ರೀ' ತೆಗೆದುಕೊಳ್ಳಿ, ಕೆಳಗಿನ ರಕಾರದ ಒತ್ತು ಮತ್ತು ಪಕ್ಕದ ದೀರ್ಘ ಎರಡಕ್ಕೂ ಜಾಗ ಬೇಕು, ಚಿಕ್ಕದಾಗಿ ಕೆತ್ತಿದರೆ ಎಲ್ಲ ಕೂಡಿಕೊಂಡು ಮಸಿ ಮುದ್ದೆಯಾಗುತ್ತದೆ. 'ಮ', 'ವ', 'ಠ' ತರಹದ ಅಕ್ಷರಗಳ ಒಳಗಿನ ಚಿಕ್ಕ ಬಯಲನ್ನು ಮೊದಲು ಕೆತ್ತಿ, ಹೊರಗಿನ ಸುತ್ತನ್ನು ಆಮೇಲೆ. ಸುತ್ತ ರಬ್ಬರ್ ಗಟ್ಟಿಯಾಗಿ ಇರುವಾಗಲೇ ಒಳಗಿನ ನಾಜೂಕು ಕೆಲಸ ಮುಗಿಯಬೇಕು. ಇಲ್ಲೂ ಚಿತ್ತಾರದ ದಾರಿಯೇ ಹಿಡಿಯಬಹುದು: ಒಂದು ದುಂಡನೆಯ ಬಿಲ್ಲೆ ಉಳಿಸಿ ಅದರೊಳಗೆ ಅಕ್ಷರವನ್ನು ಬಿಳಿಯಾಗಿ ಕೆತ್ತಿದರೆ ಕೆಲಸ ಅರ್ಧಕ್ಕೆ ಅರ್ಧ ಕಡಿಮೆ.

ಕೆತ್ತುವಾಗ ಉಳಿಯನ್ನು ತೀರಾ ನೆಟ್ಟಗೆ ಹಿಡಿಯಬೇಡಿ, ರಬ್ಬರಿನ ಮೇಲ್ಮೈಗೆ ಸುಮಾರು 30 ಡಿಗ್ರಿ ಓರೆ ಇರಲಿ. ಆಳ ಒಂದೂವರೆ ಮಿ.ಮೀ. ಸಾಕು. ವಿ ಮೂತಿಯ ಎರಡು ರೆಕ್ಕೆಗಳ ತುದಿ ಯಾವಾಗಲೂ ರಬ್ಬರಿನ ಮೇಲೆ ಕಾಣುತ್ತಿರಬೇಕು, ಅವು ಮುಳುಗಿದರೆ ರಬ್ಬರ್ ಹರಿಯುತ್ತದೆ, ಅಂಚು ಜುಂಗು ಜುಂಗಾಗುತ್ತದೆ. ತಿರುವು ಬಂದಾಗ ಕೈ ತಿರುಗಿಸಬೇಡಿ. ಉಳಿ ಹಿಡಿದ ಕೈ ಅಲ್ಲೇ ಇರಲಿ, ಇನ್ನೊಂದು ಕೈಯಿಂದ ರಬ್ಬರನ್ನು ನಿಧಾನಕ್ಕೆ ತಿರುಗಿಸಿ. ಆಗ ಮಾತ್ರ ದುಂಡು ದುಂಡಾಗಿ ಬರುತ್ತದೆ. ರಬ್ಬರ್ ಹಿಡಿದ ಕೈ ಉಳಿಯ ಹಿಂದೆಯೇ ಇರಬೇಕು, ದಾರಿಯಲ್ಲಿ ಬರಬಾರದು. ಇದರಲ್ಲಿ ರಾಜಿ ಇಲ್ಲ.

ಗೆರೆ ಉಳಿಸುವ ಕಡೆ ಆ ಗೆರೆಯ ಎರಡೂ ಬದಿ ಹೊರಗೆ ಇಳಿಜಾರಾಗಿರಲಿ. ಮೇಲೆ ತೆಳ್ಳಗೆ, ಬುಡದಲ್ಲಿ ದಪ್ಪ. ಬುಡವನ್ನೇ ಒಳಗೆ ಕೊರೆದರೆ ನಾಲ್ಕು ಸಲ ಒತ್ತುವಷ್ಟರಲ್ಲಿ ಗೆರೆ ವಾಲುತ್ತದೆ. ಎರಡು ಬಿಳಿ ಗೆರೆಗಳ ನಡುವೆ ಕನಿಷ್ಠ ಒಂದೂವರೆ ಮಿ.ಮೀ. ಬಿಡಿ. ಕೆತ್ತನೆ ಮುಗಿದ ಮೇಲೆ ಹಳೆಯ ನೋಟ್‌ಬುಕ್ಕಿನ ಹಾಳೆಯಲ್ಲಿ ಒತ್ತಿ ನೋಡಿ, ಬೇಡದ ಕಡೆ ಬಣ್ಣ ತಾಗಿದ್ದರೆ ಅಷ್ಟನ್ನೇ ಮತ್ತೆ ಕೆತ್ತಿ. ಎಲ್ಲ ಗುರುತನ್ನೂ ಅಳಿಸಬೇಡಿ, ಒಂದೆರಡು ಉಳಿ ಗುರುತು ಇದ್ದರೇ ಇದು ಕೈ ಕೆಲಸ ಅಂತ ಗೊತ್ತಾಗುವುದು ಅಲ್ವಾ.

ಕಾಗದಕ್ಕೆ ನನ್ನ ಆಯ್ಕೆ ಹತ್ತಿ ಚಿಂದಿಯಿಂದ ಮಾಡಿದ ಕೈಕಾಗದ, 200 ಜಿಎಸ್ಎಂ (ಒಂದು ಚದರ ಮೀಟರ್ ಕಾಗದದ ತೂಕ, ಗ್ರಾಂ ಲೆಕ್ಕದಲ್ಲಿ) ಆಸುಪಾಸು. ಬೆಂಗಳೂರಿನವರು ಸುಲ್ತಾನ್‌ಪೇಟೆ ಸುತ್ತಿದರೆ ಕಾಗದ, ಲಕೋಟೆ ಎರಡೂ ಕೈಯಲ್ಲಿ ಮುಟ್ಟಿ ನೋಡಿ ತರಬಹುದು. ಹೊಳಪಿನ ಕಾರ್ಡ್ ತರಬೇಡಿ, ಇಂಕು ಒಣಗದೆ ಕೈಗೆ ಹತ್ತುತ್ತದೆ. ಕೈಕಾಗದವನ್ನು ಮನೆಯ ಪ್ರಿಂಟರ್‌ಗೆ ಹಾಕಿದರೆ ಸಿಕ್ಕಿಕೊಳ್ಳುತ್ತದೆ. ಅದಕ್ಕೆ ಮುಹೂರ್ತದ ವಿವರವನ್ನು 100 ಜಿಎಸ್ಎಂ ಹಾಳೆಯಲ್ಲಿ ಪ್ರಿಂಟ್ ಮಾಡಿ, ಮಡಚಿದ ಕಾರ್ಡಿನ ಒಳಗೆ ಅಂಟಿಸಿ, ಇಲ್ಲವೇ ಮಡಿಕೆಯಲ್ಲಿ ಅರಿಶಿನದ ದಾರ ಕಟ್ಟಿ ನಿಲ್ಲಿಸಿ.

ಇಂಕಿನಲ್ಲಿ ಡೈ ಮತ್ತು ಪಿಗ್ಮೆಂಟ್ ಅಂತ ಎರಡು ಬಗೆ. ಡೈ ಕಾಗದದೊಳಗೆ ಇಳಿಯುತ್ತದೆ, ಬೇಗ ಒಣಗುತ್ತದೆ, ಕೈಕಾಗದದ ಮೇಲೆ ಹರಡಿಕೊಳ್ಳುತ್ತದೆ. ಪಿಗ್ಮೆಂಟ್ ಮೇಲೆಯೇ ಕೂರುತ್ತದೆ, ನಿಧಾನಕ್ಕೆ ಒಣಗುತ್ತದೆ, ಅಂಚು ಚೊಕ್ಕ. ನಿಮಗೆ ಬೇಕಾದ್ದು ಪಿಗ್ಮೆಂಟ್. ಆಫೀಸಿನ ನೇರಳೆ ಸ್ಟ್ಯಾಂಪ್ ಪ್ಯಾಡ್ ಈ ಕೆಲಸಕ್ಕೆ ಆಗುವುದಿಲ್ಲ. ಡೈ ಬೇಡ ಅನ್ನಲು ಇನ್ನೊಂದು ಕಾರಣ ನಮ್ಮ ಪದ್ಧತಿಯಲ್ಲೇ ಇದೆ. ಪತ್ರಿಕೆಯ ನಾಲ್ಕು ಮೂಲೆಗೆ ಅರಿಶಿನ ಹಚ್ಚುತ್ತೇವೆ. ಒದ್ದೆ ಅರಿಶಿನದ ಬೆರಳು ತಾಗಿದರೆ ಡೈ ಇಂಕು ಕರಗಿ ಕದಡುತ್ತದೆ. ಪಿಗ್ಮೆಂಟ್ ಬಳಸಿದರೂ ಮೂಲೆಗಳಲ್ಲಿ ಒಂದೂವರೆ ಸೆಂ.ಮೀ. ಖಾಲಿ ಬಿಡಿ. ಅಂಚನ್ನು ಕಾರ್ಡಿನ ತೀರಾ ಬುಡಕ್ಕೆ ಒತ್ತದೆ ಎರಡು ಸೆಂ.ಮೀ. ಮೇಲೆ ಒತ್ತಿದರೆ ಅರಿಶಿನಕ್ಕೂ ಜಾಗ ಸಿಗುತ್ತದೆ.

ಒತ್ತುವಾಗ ಅಚ್ಚನ್ನು ಪ್ಯಾಡಿಗೆ ಅದ್ದಬೇಡಿ. ಅಚ್ಚನ್ನು ಅಂಗಾತ ಇಟ್ಟು ಪ್ಯಾಡಿನಿಂದ ಅದರ ಮೇಲೆ ತಟ್ಟಿ, ಬಣ್ಣ ಸಮವಾಗಿ ಕೂರುತ್ತದೆ, ಕೆತ್ತಿದ ಗುಂಡಿಗೆ ಇಳಿಯುವುದಿಲ್ಲ. ಕೈಕಾಗದ ತರಿ ತರಿ ಇರುವುದರಿಂದ ಕೆಳಗೆ ಹತ್ತು ಹಾಳೆ ನ್ಯೂಸ್‌ಪೇಪರ್ ಹಾಕಿಕೊಳ್ಳಿ. ಅಂಗೈಯಿಂದ ನೇರ ಒತ್ತಿ, ಮೂರು ಎಣಿಸಿ, ನೇರ ಎತ್ತಿ. ಆಚೀಚೆ ಅಲ್ಲಾಡಿಸಬಾರದು. ರಟ್ಟಿನ ಒಂದು ಮೂಲೆ ಕತ್ತರಿಸಿ ಮೇಜಿಗೆ ಟೇಪಿನಿಂದ ಅಂಟಿಸಿಕೊಂಡರೆ ಪ್ರತಿ ಕಾರ್ಡನ್ನೂ ಅಲ್ಲಿಗೇ ತಂದು ಕೂರಿಸಬಹುದು, ಸ್ಕೇಲು ಹಿಡಿಯುವ ಕೆಲಸವಿಲ್ಲ. ಅಚ್ಚಿನ ಬೆನ್ನಿಗೆ ಪಾರದರ್ಶಕ ಅಕ್ರಿಲಿಕ್ ತುಂಡನ್ನು ಅಂಟಿಸಿದರೆ ಹಿಡಿಯಲೂ ಚೆನ್ನ, ಅಂಚು ಎಲ್ಲಿಗೆ ಬಂತು ಅಂತ ನೋಡಲೂ ಸುಲಭ.

ಒಂದು ಕಾರ್ಡಿಗೆ ಅಂಚು ಮೂರು ಸಲ, ಅಕ್ಷರದ ಬಿಲ್ಲೆ ಒಂದು ಸಲ. 300 ಪತ್ರಿಕೆ ಅಂದರೆ 1,200 ಸಲ ಒತ್ತಬೇಕು. ಮದುವೆ ಮನೆಯಲ್ಲಿ ಅಷ್ಟು ಪುರುಸೊತ್ತು ಯಾರಿಗಿದೆ? 60 ಪತ್ರಿಕೆ ಹೀಗೆ ಮಾಡಿ. ಮನೆದೇವರ ಮುಂದೆ ಇಡುವುದು, ಸೋದರಮಾವ, ಅತ್ತೆ, ಅಜ್ಜಿ ಮನೆಯವರಿಗೆ ಹೋಗುವುದು ಇದರಲ್ಲಿ ಬರಲಿ. ಉಳಿದವರಿಗೆ ನಿಮ್ಮದೇ ಅಚ್ಚನ್ನು ಸ್ಕ್ಯಾನ್ ಮಾಡಿ ಪ್ರೆಸ್‌ನಲ್ಲಿ ಮುದ್ರಿಸಿ, ಲಕೋಟೆಯ ಮೇಲೆ ಮಾತ್ರ ಕೈಯಲ್ಲಿ ಒತ್ತಿ. ಕೆತ್ತನೆಗೆ ಆಷಾಢ ಒಳ್ಳೆಯ ಕಾಲ, ಮದುವೆಗಳಿಲ್ಲ, ಮಳೆಗೆ ಹೊರಗೆ ಹೋಗುವ ಹಾಗೂ ಇಲ್ಲ. ಅಚ್ಚು ಹಾಕುವುದನ್ನು ಮಾತ್ರ ಬಿಸಿಲು ಬಿದ್ದ ಮೇಲೆ ಇಟ್ಟುಕೊಳ್ಳಿ. ಮಲೆನಾಡು, ಕರಾವಳಿಯ ತೇವದಲ್ಲಿ ಪಿಗ್ಮೆಂಟ್ ರಾತ್ರಿಯಿಡೀ ಹರಡಿಟ್ಟರೂ ಹಸಿಯಾಗಿರುತ್ತದೆ, ಒಂದರ ಮೇಲೊಂದು ಪೇರಿಸಿದರೆ ಕೆಂಪೆಲ್ಲ ಮೇಲಿನ ಕಾರ್ಡಿನ ಬೆನ್ನಿಗೆ.

ಚಿತ್ತಾರ ಬಳಸಿದರೆ ಕಾರ್ಡಿನ ಹಿಂದೆ ಸಣ್ಣದಾಗಿ 'ಅಂಚು: ಮಲೆನಾಡಿನ ದೀವರ ಹಸೆ ಚಿತ್ತಾರ' ಅಂತ ಬರೆಯಿರಿ. ಇದು ನಮ್ಮದೇ ಕಲ್ಪನೆ ಅನ್ನುವ ಹಾಗೆ ಸುಮ್ನೆ ಬಿಡುವುದು ಸರಿಯಲ್ಲ. ಆ ಹೆಣ್ಣುಮಕ್ಕಳು ತಲೆಮಾರುಗಳಿಂದ ಕೈಯಿಂದ ಕೈಗೆ ದಾಟಿಸಿ ಉಳಿಸಿಕೊಂಡ ಗೆರೆಗಳು ಇವು.

ತಾಂಬೂಲದ ಬಟ್ಟೆ ಚೀಲಕ್ಕೆ ಇದೇ ಅಚ್ಚು ನಡೆಯುತ್ತದೆ, ಇಂಕಿನ ಬದಲು ಬಟ್ಟೆಯ ಬಣ್ಣವನ್ನು ಸ್ಪಂಜಿನಿಂದ ತೆಳ್ಳಗೆ ತಟ್ಟಿ. ಹೊಸ ಬಟ್ಟೆಯ ಗಂಜಿ ಹೋಗುವ ಹಾಗೆ ಮೊದಲೇ ತೊಳೆದು ಇಸ್ತ್ರಿ ಮಾಡಿಟ್ಟುಕೊಳ್ಳಿ. ಬಣ್ಣ ಒಣಗಿದ ಮೇಲೆ ಹಿಂಬದಿಯಿಂದ ಬಿಸಿ ಇಸ್ತ್ರಿ ಹಾಕಿದರೆ ಗಟ್ಟಿಯಾಗುತ್ತದೆ. ಬಟ್ಟೆಯ ಬಣ್ಣ ಅಚ್ಚಿನಲ್ಲೇ ಒಣಗಿದರೆ ಗೆರೆ ಮುಚ್ಚಿಹೋಗುತ್ತದೆ, ಹಾಗಾಗಿ ಹತ್ತು ಚೀಲಕ್ಕೊಮ್ಮೆ ಹಳೆಯ ಟೂತ್‌ಬ್ರಷ್, ಸೋಪಿನ ನೀರಿನಲ್ಲಿ ತೊಳೆಯಿರಿ. ಉಗುರುಬಣ್ಣ ತೆಗೆಯುವ ದ್ರಾವಣ ಮುಟ್ಟಿಸಬೇಡಿ, ರಬ್ಬರ್ ಕರಗುತ್ತದೆ. ಕೆಲಸ ಮುಗಿದ ಮೇಲೆ ಅಚ್ಚನ್ನು ಪ್ಲಾಸ್ಟಿಕ್ ಡಬ್ಬಿಗೆ ಹಾಗೇ ಹಾಕದೆ ಕಾಗದದಲ್ಲಿ ಸುತ್ತಿ, ಬಿಸಿಲು ಬೀಳದ ಕಡೆ ಇಡಿ. ಮೆತ್ತನೆ ರಬ್ಬರ್ ಪ್ಲಾಸ್ಟಿಕ್‌ಗೆ ತಾಗಿಕೊಂಡೇ ಇದ್ದರೆ ಕೆಲವು ತಿಂಗಳಲ್ಲಿ ಅದಕ್ಕೆ ಅಂಟಿಕೊಳ್ಳುತ್ತದೆ.