ಮನೆ, ಮಕ್ಕಳು, ಶಾಲೆಯ ನಡುವೆ ಜರ್ಮನಿಯ ನೋಟ್‌ಗೆಲ್ಟ್ ಸಂಗ್ರಹ

ನೋಟ್‌ಗೆಲ್ಟ್ ಎಂದರೆ 1914ರಿಂದ 1924ರವರೆಗೆ ಜರ್ಮನಿಯ ಪುರಸಭೆಗಳು, ಜಿಲ್ಲಾಡಳಿತಗಳು, ಕಾರ್ಖಾನೆಗಳು, ಗಣಿಗಳು, ಕೊನೆಗೆ ರೈಲ್ವೆ ಕೂಡ ತಮ್ಮ ಹೆಸರಲ್ಲೇ ಹೊರಡಿಸಿದ ತುರ್ತು ಹಣ. ಚಿಕ್ಕ ಆಕಾರ, ಒಳ್ಳೆಯ ಚಿತ್ರ, ಕೈಗೆಟುಕುವ ಬೆಲೆ. ಸಾಮಾನ್ಯ ನೋಟುಗಳು ಇವತ್ತಿಗೂ ಒಂದೆರಡು ಯೂರೋಗೆ ಸಿಗುತ್ತವೆ. ಮಕ್ಕಳಿರುವ ಮನೆಗೆ ಇದು ಹೇಳಿ ಮಾಡಿಸಿದ ಹವ್ಯಾಸ. ತೊಂದರೆ ಹುಟ್ಟುವುದೂ ಈ ಅಗ್ಗದಿಂದಲೇ. ನೂರು ನೋಟುಗಳ ಕಟ್ಟು ಒಮ್ಮೆಗೇ ಮನೆಗೆ ಬರುತ್ತದೆ, ಅಷ್ಟರಲ್ಲಿ ಪರೀಕ್ಷೆ ಶುರುವಾಗುತ್ತದೆ, ಕವರ್ ಕಪಾಟಿನ ಮೂಲೆ ಸೇರುತ್ತದೆ. ಆರು ತಿಂಗಳ ಮೇಲೆ ತೆರೆದರೆ ಯಾವುದನ್ನು ಎಲ್ಲಿಂದ ತಂದದ್ದು, ಯಾವ ಸರಣಿಯಲ್ಲಿ ಏನು ಬಾಕಿ ಎಂಬುದು ಯಾರಿಗೂ ನೆನಪಿರುವುದಿಲ್ಲ. ಹಾಗಾಗಿ ಒಂದು ನಿಯಮವನ್ನು ಬಿಗಿಯಾಗಿ ಪಾಲಿಸಿ: ಊರು, ತಾರೀಖು, ಮುಖಬೆಲೆ ಈ ಮೂರೂ ಪುಸ್ತಕದಲ್ಲಿ ದಾಖಲಾಗದೆ ಯಾವ ನೋಟೂ ಆಲ್ಬಮ್‌ಗೆ ಹೋಗಬಾರದು.

ಮೊದಲು ಕಾಲಘಟ್ಟ ಗುರುತಿಸಿ

ಕೈಗೆ ಬಂದ ನೋಟು ಯಾವ ಕಾಲದ್ದು ಎಂದು ತಿಳಿದರೆ ಅರ್ಧ ಕೆಲಸ ಮುಗಿದಂತೆ. 1914ರ ಆಗಸ್ಟ್‌ನಲ್ಲಿ ಯುದ್ಧ ಶುರುವಾದ ಕೂಡಲೇ ಜನ ಬೆಳ್ಳಿ ನಾಣ್ಯಗಳನ್ನು ಬಚ್ಚಿಟ್ಟರು. ಆಗ ಹೊರಬಂದವು ಸರಳ ಚೀಟಿಗಳು: ಒರಟು ಮುದ್ರಣ, ರಬ್ಬರ್ ಸ್ಟ್ಯಾಂಪು, ಕೈಯಿಂದ ಮಾಡಿದ ಸಹಿ. 1916ರ ಹೊತ್ತಿಗೆ ನಿಕಲ್ ಮತ್ತು ತಾಮ್ರ ಯುದ್ಧಸಾಮಗ್ರಿಗೆ ಹೋಗುತ್ತಿದ್ದರಿಂದ ಊರುಗಳು ಸತು, ಕಬ್ಬಿಣದ ನಾಣ್ಯಗಳನ್ನೂ 5, 10, 25, 50 ಫೆನಿಗ್ (ನೂರು ಫೆನಿಗ್‌ಗೆ ಒಂದು ಮಾರ್ಕ್) ಕಾಗದದ ಚೀಟಿಗಳನ್ನೂ ಹೊರಡಿಸಿದವು. 1918ರ ಶರತ್ಕಾಲದಲ್ಲಿ 5, 10, 20, 50 ಮಾರ್ಕ್‌ನ ದೊಡ್ಡ ನೋಟುಗಳು ಬಂದವು.

1920ರಿಂದ 1922ರವರೆಗಿನವು ಸೆರಿಯನ್‌ಶೈನ್‌ಗಳು, ಅಂದರೆ ಸರಣಿ ನೋಟುಗಳು. ಆರಂಭಿಕರ ಕೈಗೆ ಹೆಚ್ಚಾಗಿ ಸಿಗುವುದು ಇವೇ. ಸಂಗ್ರಾಹಕರಿಗೆ ಮಾರಲೆಂದೇ ಬಣ್ಣಬಣ್ಣವಾಗಿ ಅಚ್ಚಾದವು. ಎಷ್ಟೋ ನೋಟುಗಳು ಅಂಗಡಿಯ ಗಲ್ಲಾವನ್ನೇ ಕಾಣಲಿಲ್ಲ. 1922ರ ಜುಲೈನಲ್ಲಿ ಬಂದ ಕಾನೂನು ಇವಕ್ಕೆ ತಡೆ ಹಾಕಿತು. ಅದೇ ವರ್ಷದ ಕೊನೆಯಿಂದ ಹಣದುಬ್ಬರದ ನೋಟುಗಳು: ಮೊದಲು ನೂರು, ಐನೂರು, ಸಾವಿರ ಮಾರ್ಕ್, 1923ರಲ್ಲಿ ಲಕ್ಷ, ಕೋಟಿ, ಅದರಾಚೆ. ಇವುಗಳ ಹಿಂಬದಿ ಬಹಳ ಸಲ ಖಾಲಿ, ಏಕೆಂದರೆ ಎರಡೂ ಬದಿ ಅಚ್ಚು ಹಾಕುವಷ್ಟು ಪುರುಸೊತ್ತು ಇರಲಿಲ್ಲ. ಹಳೆಯ ನೋಟಿನ ಮೇಲೆ ಹೊಸ ಮೊತ್ತವನ್ನು ಮರುಮುದ್ರಿಸಿದ್ದೂ ಉಂಟು. 1923ರ ಕೊನೆಯಲ್ಲಿ ಚಿನ್ನದ ಮಾರ್ಕ್‌ಗೆ ಕಟ್ಟಿದ ಸ್ಥಿರಮೌಲ್ಯದ ನೋಟುಗಳು ಬಂದವು. 4.20 ಚಿನ್ನದ ಮಾರ್ಕ್‌ಗೆ ಒಂದು ಡಾಲರ್. ಹಾಗಾಗಿ ನೋಟಿನ ಮೇಲೆ 0.42, 1.05, 2.10 ಎಂಬ ವಿಚಿತ್ರ ಅಂಕಿ ಕಂಡರೆ ಅದು ಡಾಲರಿನ ಹತ್ತನೇ ಒಂದು, ಕಾಲು, ಅರ್ಧ ಭಾಗ.

ಕಟ್ಟುಗಳಲ್ಲಿ ನೋಟ್‌ಗೆಲ್ಟ್ ಅಲ್ಲದವೂ ಸೇರಿಕೊಂಡಿರುತ್ತವೆ. ‘ರೈಷ್ಸ್‌ಬಾಂಕ್‌ನೋಟೆ’ ಅಥವಾ ‘ಡಾರ್ಲೆಹೆನ್ಸ್‌ಕಾಸೆನ್‌ಶೈನ್’ ಎಂದು ಅಚ್ಚಾಗಿದ್ದರೆ ಅದು ಕೇಂದ್ರದ ಹಣ, ಊರಿನದಲ್ಲ. ಮುಖಬೆಲೆ ‘ಹೆಲರ್’ನಲ್ಲಿದ್ದರೆ ಅದು 1920ರ ಆಸುಪಾಸಿನ ಆಸ್ಟ್ರಿಯದ ತುರ್ತು ಹಣ. ಇವನ್ನು ಬಿಸಾಡಬೇಡಿ, ಬೇರೆ ಲಕೋಟೆಯಲ್ಲಿಡಿ.

ನೋಟು ಓದುವುದು

ಹೆಚ್ಚಿನ ನೋಟುಗಳ ಅಕ್ಷರ ಹಳೆಯ ಫ್ರಾಕ್ಟೂರ್ ಶೈಲಿಯದು. ಇಂಗ್ಲಿಷ್ ಅಕ್ಷರ ಚೆನ್ನಾಗಿ ಬಲ್ಲ ಮಕ್ಕಳೂ ಇಲ್ಲಿ ಎಡವುತ್ತಾರೆ. ಪದದ ನಡುವೆ ಬರುವ ಉದ್ದನೆಯ ‘ಎಸ್’ ಥೇಟ್ ‘ಎಫ್’ನಂತೆ ಕಾಣುತ್ತದೆ. ಭೂತಗನ್ನಡಿಯಲ್ಲಿ ಅಡ್ಡಗೆರೆ ನೋಡಿ: ಕಂಬವನ್ನು ದಾಟಿ ಬಲಕ್ಕೂ ಚಾಚಿದ್ದರೆ ‘ಎಫ್’, ಎಡಕ್ಕೆ ಮಾತ್ರ ಚಿಕ್ಕ ಮೊಳೆಯಿದ್ದರೆ ‘ಎಸ್’. ದೊಡ್ಡಕ್ಷರಗಳಲ್ಲಿ ‘ಬಿ’ ಮತ್ತು ‘ವಿ’, ‘ಕೆ’ ಮತ್ತು ‘ಆರ್’ ಜೋಡಿಗಳು ಮೋಸ ಮಾಡುತ್ತವೆ. ಊರಿನ ಹೆಸರು ಹುಡುಕಿದರೂ ಸಿಗದಿದ್ದರೆ ಮೊದಲಕ್ಷರ ಬದಲಿಸಿ ಹುಡುಕಿ.

ನಾಲ್ಕಾರು ಪದ ಗೊತ್ತಿದ್ದರೆ ಸಾಕು. ‘ಗುಟ್‌ಶೈನ್’ ಎಂದರೆ ಹಣದ ಚೀಟಿ. ‘ಗ್ಯುಲ್ಟಿಗ್ ಬಿಸ್’ ಎಂಬುದರ ಮುಂದಿನದು ಚಲಾವಣೆಯ ಕೊನೆಯ ದಿನ. ‘ಷ್ಟಾಟ್’ ಊರು, ‘ಕ್ರೈಸ್’ ಜಿಲ್ಲೆ, ‘ಮಾಗಿಸ್ಟ್ರಾಟ್’ ಪುರಸಭೆಯ ಆಡಳಿತ. ‘ಮುಸ್ಟರ್’ ಎಂದಿದ್ದರೆ ಮಾದರಿ ಪ್ರತಿ; ‘ಎಂಟ್‌ವೇರ್ಟೆಟ್’ ಅಥವಾ ‘ಉನ್‌ಗ್ಯುಲ್ಟಿಗ್’ ಎಂದು ಸ್ಟ್ಯಾಂಪಿದ್ದರೆ ರದ್ದಾದದ್ದು. ಅಡಿಯಲ್ಲಿ ಸಣ್ಣಕ್ಷರದಲ್ಲಿ ಮುದ್ರಕರ ಹೆಸರಿರುತ್ತದೆ, ಉದಾಹರಣೆಗೆ ಗ್ಲೋಗಾವ್‌ನ ಫ್ಲೆಮಿಂಗ್-ವಿಸ್ಕಾಟ್. ಅದನ್ನೇ ಊರಿನ ಹೆಸರೆಂದು ಬರೆದುಕೊಳ್ಳುವುದು ಹೊಸಬರಲ್ಲಿ ತೀರ ಸಾಮಾನ್ಯ.

ಒಂದೇ ಹೆಸರಿನ ಊರುಗಳೂ ಬಹಳ. ಫ್ರಾಂಕ್‌ಫುರ್ಟ್ ಮೈನ್ ನದಿಯ ಮೇಲೂ ಇದೆ, ಓಡರ್ ನದಿಯ ಮೇಲೂ ಇದೆ, ನಾಯ್‌ಷ್ಟಾಟ್‌ಗಳಿಗಂತೂ ಲೆಕ್ಕವಿಲ್ಲ. ಹೆಸರಿನ ಜೊತೆಗಿರುವ ನದಿ, ಜಿಲ್ಲೆ, ಊರ ಲಾಂಛನ ಮೂರನ್ನೂ ನೋಡಿಯೇ ತೀರ್ಮಾನಿಸಿ. ಆಗಿನ ಬ್ರೆಸ್ಲಾವ್ ಇಂದು ಪೋಲೆಂಡಿನ ವ್ರೊಟ್ಸ್‌ವಾಫ್, ಷ್ಟೆಟಿನ್ ಇಂದು ಶ್ಚೆಚಿನ್. ಹಾಗಾಗಿ 1914ರ ಗಡಿಗಳಿರುವ ಭೂಪಟವನ್ನು ಅಚ್ಚು ಹಾಕಿ ಮೇಜಿನ ಬಳಿ ಅಂಟಿಸಿ. ಪ್ರತಿ ನೋಟಿಗೂ ಒಂದು ಚುಕ್ಕೆ ಇಡುವ ಕೆಲಸ ಮಕ್ಕಳಿಗೆ ಬಿಡಿ. ಅವರು ಇದನ್ನು ದೊಡ್ಡವರಿಗಿಂತ ಶ್ರದ್ಧೆಯಿಂದ ಮಾಡುತ್ತಾರೆ.

ಮೊತ್ತದ ವಿಷಯದಲ್ಲಿ ಎಚ್ಚರ. ಜರ್ಮನ್ ‘ಮಿಲಿಯೋನ್’ ಹತ್ತು ಲಕ್ಷ, ‘ಮಿಲಿಯಾರ್ಡೆ’ ನೂರು ಕೋಟಿ, ‘ಬಿಲಿಯೋನ್’ ಒಂದು ಲಕ್ಷ ಕೋಟಿ. ಇಂಗ್ಲಿಷ್ ಬಿಲಿಯನ್‌ಗೆ ಸಮನಾದದ್ದು ಮಿಲಿಯಾರ್ಡೆ. ಮಾರುವವರ ವಿವರಣೆಯಲ್ಲೂ ಈ ತಪ್ಪು ಆಗಾಗ ಇರುತ್ತದೆ, ಆದ್ದರಿಂದ ನೋಟಿನ ಮೇಲಿರುವುದನ್ನೇ ಓದಿ.

ಏನು ಕೊಳ್ಳಬೇಕು

ಒಂದು ವಿಷಯ ಆರಿಸಿಕೊಳ್ಳಿ. ‘ಎಲ್ಲವೂ ಬೇಕು’ ಎಂಬುದು ನೋಟ್‌ಗೆಲ್ಟ್‌ನಲ್ಲಿ ನಡೆಯುವ ಮಾತಲ್ಲ. ಮಕ್ಕಳ ಜೊತೆ ಶುರುಮಾಡುವವರಿಗೆ ಕಥೆ ಹೇಳುವ ಸರಣಿಗಳೇ ಸರಿ. ಹಾಮೆಲ್ನ್ ಊರಿನ ನೋಟುಗಳಲ್ಲಿ ಇಲಿಗಳನ್ನು ಕರೆದೊಯ್ದ ಕೊಳಲುಗಾರನಿದ್ದಾನೆ. ನಾವುಂಬುರ್ಗ್‌ನ ಸರಣಿಯಲ್ಲಿ 1432ರ ಚೆರ್ರಿ ಹಬ್ಬದ ದಂತಕಥೆ ಇದೆ: ಮುತ್ತಿಗೆ ಹಾಕಿದ ಹುಸ್ಸೈಟ್ (ಬೊಹೀಮಿಯದ ಒಂದು ಕ್ರೈಸ್ತ ಪಂಥ) ಸೈನ್ಯದ ಬಿಡಾರಕ್ಕೆ ಮೇಷ್ಟ್ರು ಶಾಲಾಮಕ್ಕಳನ್ನು ಕರೆದುಕೊಂಡು ಹೋಗಿ ಕರುಣೆ ಬೇಡುತ್ತಾರೆ, ಸೇನಾಪತಿ ಮಕ್ಕಳಿಗೆ ಚೆರ್ರಿ ಹಣ್ಣು ಕೊಟ್ಟು ಕಳಿಸುತ್ತಾನೆ. ವಾಲ್ಟರ್ ಹೇಗೆ (Walter Hege) ಎಂಬ ಕಲಾವಿದರು ಇದನ್ನು ಕಪ್ಪು ನೆರಳುಚಿತ್ರಗಳಲ್ಲಿ ಬಿಡಿಸಿದ್ದಾರೆ; ಶಾಲೆಗೆ ಒಯ್ಯಲು ಇದಕ್ಕಿಂತ ಒಳ್ಳೆಯ ಸರಣಿ ನಮಗೆ ಗೊತ್ತಿಲ್ಲ. ಪಟ್ಟು ಹಿಡಿದು ಪೂರ್ಣಗೊಳಿಸುವ ಹಟವಿದ್ದರೆ ಮೆಕ್ಲೆನ್‌ಬುರ್ಗ್‌ನ ರಾಯ್ಟರ್ ಹಣ (ಲೇಖಕ ಫ್ರಿಟ್ಸ್ ರಾಯ್ಟರ್ ಹೆಸರಿನದು) ಇದೆ: ಸುಮಾರು 70 ಊರುಗಳು, ಪ್ರತಿ ಊರಿಗೆ 10, 25, 50 ಫೆನಿಗ್‌ನ ಮೂರು ನೋಟು. ವಿನ್ಯಾಸದಲ್ಲಿ ಆಸಕ್ತಿ ಇರುವವರು 1923ರಲ್ಲಿ ಬೌಹೌಸ್ ವಿನ್ಯಾಸ ಶಾಲೆಯ ಹರ್ಬರ್ಟ್ ಬೇಯರ್ ಟ್ಯೂರಿಂಗಿಯ ರಾಜ್ಯ ಬ್ಯಾಂಕಿಗೆ ಮಾಡಿಕೊಟ್ಟ ಲಕ್ಷಗಳ ನೋಟುಗಳನ್ನು ಹುಡುಕಬಹುದು. ಅಲಂಕಾರವಿಲ್ಲದೆ ದಪ್ಪ ಅಕ್ಷರಗಳೇ ಮಾತಾಡುತ್ತವೆ, ಬೆಲೆ ಮಾತ್ರ ಹೆಚ್ಚು.

ಸರಣಿ ಕೊಳ್ಳುವಾಗ ಮುಂಬದಿ ಒಂದೇ ಇದ್ದು ಹಿಂಬದಿಯ ಚಿತ್ರ ಮಾತ್ರ ಬದಲಾಗುವುದು ಸಾಮಾನ್ಯ. ಮುಂಬದಿ ನೋಡಿ ‘ಇದು ಇದೆ’ ಎಂದು ಬಿಟ್ಟವರು ಮುಂದೆ ಪರದಾಡುತ್ತಾರೆ. ಪಟ್ಟಿಗೆ ಗ್ರಾಬೋವ್‌ಸ್ಕಿ-ಮೇಲ್ ಕ್ಯಾಟಲಾಗಿನ ಸಂಖ್ಯೆಯನ್ನೇ ಬಳಸಿ. ಜರ್ಮನಿಯ ಮಾರಾಟಗಾರರು ಸರಣಿ ನೋಟುಗಳನ್ನು ಗುರುತಿಸುವುದು ಅದರಿಂದಲೇ. ಸ್ಥಿತಿಯನ್ನು ರೋಮನ್ ಅಂಕಿಯಲ್ಲಿ ಹೇಳುತ್ತಾರೆ, ಒಂದು ಎಂದರೆ ಬಳಸದ ಗರಿಗರಿ ನೋಟು. ಸರಣಿ ನೋಟುಗಳು ಹೆಚ್ಚಿನಂಶ ಬಳಕೆಯಾಗದೆ ಉಳಿದವು, ಆದ್ದರಿಂದ ಮಡಿಕೆ ಬಿದ್ದ ಪ್ರತಿಗೆ ದುಡ್ಡು ಹಾಕಬೇಡಿ. 1914ರ ಮತ್ತು 1923ರ ನೋಟುಗಳ ಮಾತು ಬೇರೆ. ಅವು ನಿಜವಾಗಿ ಕೈಯಿಂದ ಕೈಗೆ ಓಡಾಡಿದವು, ಅಲ್ಲಿ ಮಡಿಕೆ ದೋಷವಲ್ಲ.

ನಕಲಿ ಮುದ್ರಣ ಹಿಡಿಯಲು ಹತ್ತು ಪಟ್ಟು ದೊಡ್ಡದು ಮಾಡುವ ಲೂಪ್ ಮತ್ತು ಚಿಕ್ಕ ಯುವಿ ಟಾರ್ಚ್ ಸಾಕು. ಕತ್ತಲ ಕೋಣೆಯಲ್ಲಿ ಯುವಿ ಬೆಳಕು ಬಿಟ್ಟಾಗ ಕಾಗದ ಪಳಪಳನೆ ನೀಲಿಬಿಳಿಯಾಗಿ ಹೊಳೆದರೆ ಅನುಮಾನಿಸಿ. ಕಾಗದಕ್ಕೆ ಬೆರೆಸುವ ಆ ಹೊಳಪುಕಾರಕಗಳು ಬಳಕೆಗೆ ಬಂದದ್ದು ಎಷ್ಟೋ ವರ್ಷಗಳ ಮೇಲೆ. ಟಾರ್ಚನ್ನು ಮಕ್ಕಳ ಕೈಗೆ ಕೊಡಬೇಡಿ, ಕಣ್ಣಿಗೆ ಕೆಡುಕು.

ಇಡುವುದು ಹೇಗೆ

ಪಾಲಿಯೆಸ್ಟರ್ ಅಥವಾ ಪಾಲಿಪ್ರೊಪಿಲೀನ್ ಪಾಕೆಟ್‌ಗಳನ್ನೇ ಬಳಸಿ. ಗಾಢವಾದ ಪ್ಲಾಸ್ಟಿಕ್ ವಾಸನೆಯ ಮೆತ್ತನೆಯ ಪಿವಿಸಿ ಪಾಕೆಟ್ ಕೆಲವೇ ವರ್ಷಗಳಲ್ಲಿ ಅಂಟಂಟಾಗಿ ಶಾಯಿಯನ್ನು ಎಳೆದುಕೊಳ್ಳುತ್ತದೆ. ಟೇಪು, ಅಂಟು, ಸ್ಟೇಪಲ್, ರಬ್ಬರ್ ಬ್ಯಾಂಡ್ ಹತ್ತಿರವೂ ಬರಕೂಡದು. ಹಳೆಯ ಆಲ್ಬಮ್‌ನಿಂದ ಬಂದ ನೋಟಿನ ಬೆನ್ನಿಗೆ ಅಂಟುಚೀಟಿಯ ಚೂರು ಉಳಿದಿದ್ದರೆ ಹಾಗೇ ಬಿಡಿ. ನೀರಲ್ಲಿ ನೆನೆಸಿದರೆ ಚೂರಿಗಿಂತ ಮೊದಲು ರಬ್ಬರ್ ಸ್ಟ್ಯಾಂಪಿನ ಶಾಯಿಯೇ ಹರಡುತ್ತದೆ. ಇಸ್ತ್ರಿ ಹಾಕಬೇಡಿ.

ಮುಟ್ಟುವ ಮೊದಲು ಸೋಪು ಹಾಕಿ ಕೈ ತೊಳೆದು ಪೂರ್ತಿ ಒರೆಸಿಕೊಳ್ಳಿ. ಬಟ್ಟೆಯ ಕೈಗವಸಿಗಿಂತ ಇದೇ ಮೇಲು; ಕೈಗವಸು ಹಾಕಿದರೆ ಕಾಗದದ ಅಂಚು ಬೆರಳಿಗೆ ತಿಳಿಯದೆ ಹರಿಯುತ್ತದೆ. ಫ್ಯಾನ್ ಆರಿಸಿ, ಊಟದ ತಟ್ಟೆ, ನೀರಿನ ಲೋಟ ಬೇರೆ ಕಡೆ ಇರಲಿ. ಮಕ್ಕಳು ನೋಟನ್ನು ಪಾಕೆಟ್‌ಗೆ ತುರುಕುವಾಗ ಮೂಲೆ ಮಡಿಚುತ್ತದೆ. ಮೊದಲು ಆಮ್ಲರಹಿತ ರಟ್ಟಿನ ತುಂಡನ್ನು ಪಾಕೆಟ್‌ಗೆ ಹಾಕಿ, ಅದರ ಮೇಲೆ ನೋಟು ಜಾರಿಸಿ, ಆಮೇಲೆ ರಟ್ಟು ಎಳೆದುಕೊಳ್ಳುವುದನ್ನು ಕಲಿಸಿ.

ಕಾಗದವಲ್ಲದವಕ್ಕೆ ಅವುಗಳದೇ ಆರೈಕೆ ಬೇಕು. ಮೈಸನ್ ಕಾರ್ಖಾನೆಯ 1920-21ರ ಕಂದು ಮತ್ತು ಬಿಳಿ ಪಿಂಗಾಣಿ ನಾಣ್ಯಗಳ ಅಂಚು ಲೋಹದ ನಾಣ್ಯ ತಾಗಿದರೆ ಚಕ್ಕೆ ಏಳುತ್ತದೆ, ಪ್ರತ್ಯೇಕ ಗೂಡಿನಲ್ಲಿಡಿ. ಬೀಲೆಫೆಲ್ಟ್ ಉಳಿತಾಯ ಬ್ಯಾಂಕಿನ ರೇಷ್ಮೆ, ಲಿನನ್, ಮಖಮಲ್ ನೋಟುಗಳನ್ನು ಮಡಿಸಬೇಡಿ, ಎದ್ದ ಎಳೆಯನ್ನು ಕತ್ತರಿಸಬೇಡಿ. ಓಸ್ಟರ್‌ವೀಕ್, ಪ್ಯೋಸ್‌ನೆಕ್ ಊರುಗಳ ಚರ್ಮದ ನೋಟಿಗೆ ಎಣ್ಣೆ, ಪಾಲಿಶ್ ಯಾವುದೂ ಬೇಡ. ಅಂಚೆಚೀಟಿಯನ್ನು ಒಳಗಿಟ್ಟು ಅಭ್ರಕ ಮುಚ್ಚಿದ ಬಿಲ್ಲೆಗಳನ್ನು ಬಿಚ್ಚಲೇಬೇಡಿ. ಸತುವಿನ ನಾಣ್ಯಕ್ಕೆ ತೇವ ತಾಗಿದರೆ ಬಿಳಿ ಪುಡಿ ಹಿಡಿಯುತ್ತದೆ, ಕಬ್ಬಿಣಕ್ಕೆ ತುಕ್ಕು. ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇಟ್ಟು, ಚಿಕ್ಕ ತೇವಮಾಪಕದಲ್ಲಿ 50 ಶೇಕಡಾ ಮೀರದಂತೆ ನೋಡಿಕೊಳ್ಳಿ. ಮಳೆಗಾಲದಲ್ಲಿ ತಿಂಗಳಿಗೊಮ್ಮೆ ತೆರೆದು ನೋಡಿ.

ವಾರಕ್ಕೆ ಅರ್ಧ ಗಂಟೆ

ವಾರಕ್ಕೊಮ್ಮೆ ಅರ್ಧ ಗಂಟೆ ಸಾಕು, ಆದರೆ ಒಂದು ಕೂತಿಗೆಯಲ್ಲಿ ಒಂದೇ ಬಗೆಯ ಕೆಲಸ ಹಿಡಿಯಿರಿ. ಒಂದು ವಾರ ಊರು ಗುರುತಿಸುವುದು, ಮುಂದಿನ ವಾರ 600 ಡಿಪಿಐನಲ್ಲಿ ಎರಡೂ ಬದಿ ಸ್ಕ್ಯಾನ್, ಆಮೇಲೆ ಪುಸ್ತಕಕ್ಕೆ ದಾಖಲೆ, ಕೊನೆಗೆ ಪಾಕೆಟ್. ಎಲ್ಲವನ್ನೂ ಒಟ್ಟಿಗೆ ಹರಡಿಕೊಂಡರೆ ಅರ್ಧಕ್ಕೇ ಊಟದ ಹೊತ್ತಾಗಿ ಮೇಜು ತೆರವು ಮಾಡಬೇಕಾಗುತ್ತದೆ, ನೋಟುಗಳು ಕಲಸಿಹೋಗುತ್ತವೆ. ಹೊಸದಾಗಿ ಬಂದದ್ದೆಲ್ಲ ಒಂದು ‘ಕಾಯುವ ಡಬ್ಬಿ’ಗೆ ಹೋಗಲಿ; ಲಕೋಟೆಯ ಮೇಲೆ ಕೊಂಡ ತಾರೀಖು, ಕೊಟ್ಟ ಬೆಲೆ, ಕೊಟ್ಟವರು ಯಾರು ಎಂದು ಪೆನ್ಸಿಲ್‌ನಲ್ಲಿ ಬರೆಯಿರಿ. ನೋಟು ಒಳಗೆ ಹೋಗುವ ಮೊದಲೇ ಬರೆಯಿರಿ, ಇಲ್ಲವಾದರೆ ಪೆನ್ಸಿಲಿನ ಒತ್ತು ಕಾಗದಕ್ಕೆ ಇಳಿಯುತ್ತದೆ. ಡಬ್ಬಿ ತುಂಬಿದ್ದರೆ ಖರೀದಿ ನಿಲ್ಲಿಸಿ. ಪರೀಕ್ಷೆಯ ತಿಂಗಳುಗಳಲ್ಲಿ ಹೊಸದು ತರದಿದ್ದರೆ ಕಳೆದುಕೊಳ್ಳುವುದೇನಿಲ್ಲ, ನೂರು ವರ್ಷ ಕಾದ ಕಾಗದ ಇನ್ನೆರಡು ತಿಂಗಳು ಕಾಯುತ್ತದೆ.

ಶಾಲೆಗೆ ಒಯ್ಯುವಾಗ

ಪ್ರಾಜೆಕ್ಟ್ ಎಂದ ಕೂಡಲೇ ಮಕ್ಕಳು ಮಾಡುವುದು ಎರಡು: ಅಸಲಿ ನೋಟನ್ನು ಚಾರ್ಟಿಗೆ ಅಂಟಿಸುವುದು, ಇಲ್ಲವೇ ಲ್ಯಾಮಿನೇಟ್ ಮಾಡಿಸುವುದು. ಎರಡಕ್ಕೂ ಪರಿಹಾರವಿಲ್ಲ. ಸ್ಕ್ಯಾನನ್ನು ಒಂದೂವರೆ ಪಟ್ಟು ದೊಡ್ಡದಾಗಿ, ಒಂದೇ ಬದಿಗೆ ಅಚ್ಚು ಹಾಕಿ, ‘ನಕಲು’ ಎಂದು ಬರೆದು ಚಾರ್ಟಿಗೆ ಅಂಟಿಸಲು ಕೊಡಿ. ಅಸಲಿ ತೋರಿಸಲೇಬೇಕೆಂದರೆ ಇಮ್ಮಡಿ ಇರುವ ಎರಡು ಅಗ್ಗದ ನೋಟುಗಳನ್ನು ಗಟ್ಟಿ ಪ್ಲಾಸ್ಟಿಕ್ ಹೋಲ್ಡರ್‌ನಲ್ಲಿ ಕಳಿಸಿ.

ಗಣಿತದ ತರಗತಿಗೆ 1923 ಒಂದು ನಿಧಿ. ಒಂದು ಡಾಲರಿಗೆ 1914ರಲ್ಲಿ 4.2 ಮಾರ್ಕ್, 1922ರ ಜನವರಿಯಲ್ಲಿ ಸುಮಾರು 192, 1923ರ ಜನವರಿಯಲ್ಲಿ 17,972, ಜುಲೈಯಲ್ಲಿ 3,53,412, ನವೆಂಬರ್ ನಡುವಿನಲ್ಲಿ 4.2 ಲಕ್ಷ ಕೋಟಿ. ಸಾದಾ ಗ್ರಾಫ್ ಹಾಳೆಯಲ್ಲಿ ಮಾರ್ಕ್‌ಗೆ ಒಂದು ಮಿಲಿಮೀಟರ್‌ನಂತೆ ಬಿಡಿಸಲು ಹೇಳಿ. 1923ರ ಜನವರಿಗೇ 18 ಮೀಟರ್ ಎತ್ತರ ಬೇಕು. ನವೆಂಬರಿನ ಗೆರೆ 42 ಲಕ್ಷ ಕಿಲೋಮೀಟರ್ ಆಗಿ ಚಂದ್ರನ ದೂರದ ಹತ್ತು ಪಟ್ಟು ಮೀರುತ್ತದೆ. ಆಮೇಲೆ ಪ್ರತಿ ಹತ್ತು ಪಟ್ಟಿಗೆ ಎರಡು ಸೆಂಟಿಮೀಟರ್‌ನಂತೆ ಬಿಡಿಸಲಿ: 4.2ರಿಂದ 4.2 ಲಕ್ಷ ಕೋಟಿಗೆ ಸರಿಯಾಗಿ ಹನ್ನೆರಡು ಹೆಜ್ಜೆ, 24 ಸೆಂಟಿಮೀಟರ್, ಎ4 ಹಾಳೆಯಲ್ಲಿ ಹಿಡಿಯುತ್ತದೆ. 1923ರ ನವೆಂಬರ್ 15ರಂದು ಬಂದ ಹೊಸ ಹಣ ರೆಂಟನ್‌ಮಾರ್ಕ್ ಅಳಿಸಿಹಾಕಿದ್ದೂ ಅದೇ ಹನ್ನೆರಡು ಸೊನ್ನೆಗಳನ್ನು.

ಕಳಿಸುವ ಮೊದಲು ಪ್ರತಿ ನೋಟಿನ ಚಿತ್ರ, ಬರಹ ಎರಡನ್ನೂ ಓದಿ ನೋಡಿ. ಕೆಲವು ಸರಣಿಗಳಲ್ಲಿ ಯಹೂದಿಗಳನ್ನು ಹೀನಾಯವಾಗಿ ತೋರಿಸುವ ಚಿತ್ರಗಳಿವೆ. 1923ರ ನೋಟುಗಳ ಮೇಲೆ ಅದೇ ದ್ವೇಷವನ್ನು ಮರುಮುದ್ರಿಸಿ ಹಂಚಿದ್ದೂ ಇದೆ. ಇವನ್ನು ಪ್ರತ್ಯೇಕ ಲಕೋಟೆಯಲ್ಲಿಟ್ಟು ಅದರ ಮೇಲೆ ಏನೆಂದು ಸ್ಪಷ್ಟವಾಗಿ ಬರೆಯಿರಿ. ಚಿಕ್ಕ ಮಕ್ಕಳ ಚಾರ್ಟಿಗೆ ಇವು ಹೋಗಬಾರದು. ದೊಡ್ಡ ತರಗತಿಯ ಇತಿಹಾಸ ಪಾಠಕ್ಕೆ ಬೇಕಿದ್ದರೆ ಸ್ಕ್ಯಾನ್ ಪ್ರತಿಯನ್ನು ಶಿಕ್ಷಕರ ಕೈಗೇ ಕೊಡಿ, ಹಿನ್ನೆಲೆಯನ್ನು ಮೊದಲೇ ಅವರ ಜೊತೆ ಮಾತಾಡಿಕೊಳ್ಳಿ.