ಗೆಟ್ ಕಲಿಸಿದ ಕಥೆ, ನನ್ನ ಅನುಭವ

ಸ್ಪೋಕನ್ ಇಂಗ್ಲಿಷ್ ಕ್ಲಾಸ್ ನಡೆಸೋರಿಗೆಲ್ಲ ಗೊತ್ತಿರೋ ತಲೆನೋವು ಇದು. ಹುಡುಗರು ಇಂಗ್ಲಿಷ್ ಪದ ಗೆಟ್‌ನ ಅರ್ಥ ಎಲ್ಲಾ ಬೈಹಾರ್ಟ್ ಮಾಡ್ತಾರೆ, ಟೆಸ್ಟಲ್ಲಿ ಬರೀತಾರೆ, ಬಾಯಲ್ಲಿ ಮಾತ್ರ ಬರಲ್ಲ, ರಿಸೀವ್ಡ್ ರೀಚ್ಡ್ ಬಿಕೇಮ್ ಅಂತ ಅರ್ಜಿ ಬರೆದಂಗೆ ಮಾತಾಡ್ತಾರೆ. ಪದದ ಹುಟ್ಟಿಂದ ಶುರು ಮಾಡ್ತೀನಿ ಅಂದಾಗ ಜೊತೆಗಿದ್ದ ಮೇಷ್ಟ್ರುಗಳು "ದುಡ್ಡು ಕೊಟ್ಟು ಬರೋರಿಗೆ ಇತಿಹಾಸ ಯಾಕ್ರೀ" ಅಂದಿದ್ರು. ಈಗ ಅವರಲ್ಲೇ ಕೆಲವರು ನನ್ನ ಶೀಟ್ ಕೇಳ್ತಿದಾರೆ.

ಮೊದಲು ಎಲ್ಲರಂಗೆ ಚಾರ್ಟೇ ಮಾಡ್ಸಿದ್ದು. ಮೂವತ್ತು ಚಿಲ್ಲರೆ ಅರ್ಥ, ಕಲರ್ ಪ್ರಿಂಟು, ಲ್ಯಾಮಿನೇಷನ್ನು, ನಾಲ್ಕು ಸಾವಿರದ ಹತ್ತಿರ ಹೋಯ್ತು. ಆಮೇಲೆ ಒಂದು ಆ್ಯಪ್‌ಗೆ ವರ್ಷದ ದುಡ್ಡು ಕಟ್ಟಿದೆ, ಅದೂ ಪ್ರಯೋಜನ ಇಲ್ಲ. ಅರ್ಧ ಬ್ಯಾಚ್ ನಡುವೆ ಬಿಟ್ಟೋಯ್ತು, ಬಾಕಿ ಫೀಸು ಹದಿನೈದು ಸಾವಿರದಷ್ಟು ಬರ್ಲೇ ಇಲ್ಲ.

ಆಮೇಲೆ ಪದದ ಬೇರಿಗೇ ಹೋದೆ. ಗೆಟ್ ಹಳೇ ನಾರ್ಸ್ ಭಾಷೆಯ ಗೆಟಾ, ಸ್ಕ್ಯಾಂಡಿನೇವಿಯಾ ಕಡೆಯಿಂದ ಹಡಗಲ್ಲಿ ಬಂದ ವೈಕಿಂಗರ ಜೊತೆ ಇಂಗ್ಲೆಂಡಿಗೆ ಬಂದಿದ್ದು, ಬೇರಲ್ಲಿರೋ ಅರ್ಥ ಹಿಡಿ ಅಂತ. ಲ್ಯಾಟಿನ್ ಕಡೆಯಿಂದ ಬಂದ ಪ್ರಿಸನ್, ಕಾಂಪ್ರಿಹೆಂಡ್ ಕೂಡ ಅದೇ ಬೇರಿಂದು. ನಮ್ಮ ಹಿಡಿನೇ ನೋಡಿ, ಬಸ್ ಹಿಡಿ, ಕೆಲಸ ಹಿಡಿ, ಮಾತಿನ ಜಾಡು ಹಿಡಿ, ಎಲ್ಲದಕ್ಕೂ ಗೆಟ್ ಸರಿಯಾಗಿ ಕೂರತ್ತೆ. ತೊಡಕು ಬಂದಿದ್ದು ಜ್ವರದಲ್ಲಿ. ನಮಗೆ ಜ್ವರ ಹಿಡಿಯತ್ತೆ, ಇಂಗ್ಲಿಷಲ್ಲಿ ನಾವೇ ಜ್ವರ ಹಿಡೀಬೇಕು, ಅದಕ್ಕೆ ಹುಡುಗರು "ಫೀವರ್ ಗಾಟ್ ಮಿ" ಅನ್ನೋಕೆ ಶುರು ಮಾಡಿದ್ರು. ಅವಾಗಿಂದ ಪ್ರತಿ ವಾಕ್ಯಕ್ಕೂ ಯಾರು ಹಿಡೀತಾರೋ ಅವರ ಪಾತ್ರದವರು ಎದ್ದು ಮುಷ್ಟಿ ಬಿಗೀಬೇಕು ಅಂತ ಮಾಡಿದೆ, ಒಂದೆರಡು ವಾರದಲ್ಲಿ ಆ ತಪ್ಪು ನಿಂತೋಯ್ತು.

ಹಿಡಿ ತಲೇಲಿ ಕೂತ ಮೇಲೆ ಮುಟ್ಟು ಅನ್ನೋ ಪದ. ಊರು ಮುಟ್ಟೋದು, ಮನೆ ಮುಟ್ಟೋದು, ಹಂಗೇ ಕೋಪ ಮುಟ್ಟಿದ, ಮುಪ್ಪು ಮುಟ್ಟಿದ ಅಂತ ಸ್ಥಿತಿಗೆ ದಾಟಿಸಿದ್ರೆ ಗೆಟ್ ಆ್ಯಂಗ್ರಿ, ಗೆಟ್ ಓಲ್ಡ್ ತಾನಾಗೇ ಬರತ್ತೆ. ಈ ದಾಟೋ ಜಾಗದಲ್ಲಿ ಯಾವ ವಾಕ್ಯ ಯಾವ ಕ್ರಮದಲ್ಲಿ ಕೊಡ್ತೀನಿ ಅನ್ನೋದು ನನ್ನ ಹತ್ರನೇ ಇರ್ಲಿ.

ಕ್ಲಾಸಲ್ಲಿ ಎಲ್ಲರ ಕಣ್ಣು ಅರಳೋದು ಫರ್ಗೆಟ್ ಬಂದಾಗ. ಹಿಡಿದಿದ್ದು ಕೈತಪ್ಪೋದೇ ಮರೆಯೋದು! ಅದು ವೈಕಿಂಗರಿಗಿಂತ ಮೊದಲೇ ಇಂಗ್ಲಿಷಲ್ಲಿದ್ದ ಪದ, ಒಂದು ಕಾಲಕ್ಕೆ ಫರ್ಯೆಟ್ ಥರ ಉಚ್ಚಾರ ಇತ್ತು, ಗೆಟ್‌ನ ಗಟ್ಟಿ ಗಕಾರ ಅದಕ್ಕೂ ಅಂಟ್ಕೊಂಡಿದೆ. ಅಮೆರಿಕಾ ಕ್ಲೈಂಟ್ ಕಾಲ್ ಇರೋರು ಗಾಟ್ ಬದಲು ಗಾಟನ್ ಅಂದ್ರೆ ತಪ್ಪಾ ಸರ್ ಅಂತ ಕೇಳೇ ಕೇಳ್ತಾರೆ, ತಪ್ಪಲ್ಲ, ಹಳೇ ರೂಪನೇ ಅದು, ಬ್ರಿಟನ್ನಲ್ಲಿ ಬಳಕೆ ತಪ್ಪಿ ಫರ್ಗಾಟನ್‌ನಲ್ಲಿ ಉಳ್ಕೊಂಡಿದೆ.

ನಡುವೆ ಟೇಕ್ ಮೇಲೂ ನೋಡಿದೆ. ಅದೂ ನಾರ್ಸಿಂದು, ತಗೋ ಅನ್ನೋ ಅರ್ಥದ ನಿಮನ್ ಅನ್ನೋ ಹಳೇ ಇಂಗ್ಲಿಷ್ ಪದನ ಹೊರಗೆ ಹಾಕ್ತು, ಆ ನಿಮನ್‌ನ ಚೂರು ಜೋಮು ಹಿಡಿದಿದ್ದಕ್ಕೆ ಹೇಳೋ ನಂಬ್‌ನಲ್ಲಿದೆ, ಸ್ಪರ್ಶ ಕಿತ್ಕೊಂಡೋಗಿರೋದು ಅಂತ. ಕೇಳೋಕೆ ಚೆನ್ನಾಗಿದೆ, ಮಾತಿಗೆ ಅಷ್ಟು ಉಪಯೋಗ ಆಗ್ಲಿಲ್ಲ, ಕೈಬಿಟ್ಟೆ.

ಈ ಸಲದ ಬ್ಯಾಚ್ ಹೆಚ್ಚುಕಮ್ಮಿ ಪೂರ್ತಿ ಕೊನೇವರೆಗೂ ಕೂತಿತ್ತು, ಫೀಸ್ ತಲೆಗೆ ಐನೂರು ಏರಿಸಿದ್ರೂ ಯಾರೂ ಚಕಾರ ಎತ್ತಿಲ್ಲ. ಈಗ ರನ್ ಹಿಡಿದಿದೀನಿ, ಆಕ್ಸ್‌ಫರ್ಡ್ ನಿಘಂಟಿನವರು ಅದೊಂದಕ್ಕೇ 645 ಅರ್ಥ ಎಣಿಸಿದಾರೆ, ಹರಿ ಅನ್ನೋದ್ರಿಂದ ಶುರು ಮಾಡಿದ್ರೆ ನೀರು, ಮೂಗು, ನಲ್ಲಿ ತನಕ ಬರ್ತಿದೆ, ಅಂಗಡಿ ನಡೆಸೋದು ಮಾತ್ರ ಇನ್ನೂ ಜೋಡಿಸ್ತಿದೀನಿ.