ಹಗುರ ವಿಮಾನದ ರೆಕ್ಕೆಗೆ ಏರ್‌ಫಾಯಿಲ್ ಆರಿಸುವಾಗ ಮೊದಲು ಏನು ನೋಡಬೇಕು

ಏರ್‌ಫಾಯಿಲ್ ಎಂದರೆ ರೆಕ್ಕೆಯ ಅಡ್ಡಕೊಯ್ತದ ಆಕಾರ, ಲಿಫ್ಟ್ ಎಂದರೆ ವಿಮಾನವನ್ನು ಮೇಲೆತ್ತುವ ಬಲ. "ಯಾವ ಏರ್‌ಫಾಯಿಲ್‌ಗೆ ಲಿಫ್ಟ್ ಜಾಸ್ತಿ?" ಎಂದು ಯಾರಾದರೂ ಕೇಳಿದರೆ "ನಿಮಗೆ ಎಷ್ಟು ಬೇಕು?" ಎಂದೇ ನಾನು ಮರುಪ್ರಶ್ನೆ ಹಾಕುವುದು. ಅದಕ್ಕೆ ಉತ್ತರ ಸಿಗುವ ತನಕ ಏರ್‌ಫಾಯಿಲ್‌ಗಳ ಪಟ್ಟಿ ತೆರೆಯಬೇಡಿ.

ಒಟ್ಟು ತೂಕ 600 ಕೆಜಿ, ರೆಕ್ಕೆಯ ವಿಸ್ತೀರ್ಣ 13 ಚದರ ಮೀಟರ್, ಕಾರ್ಡ್ (ರೆಕ್ಕೆಯ ಮುಂದಂಚಿನಿಂದ ಹಿಂದಂಚಿಗಿರುವ ಅಗಲ) 1.4 ಮೀಟರ್ ಎಂದಿಟ್ಟುಕೊಳ್ಳಿ. ಫ್ಲ್ಯಾಪ್ (ಲಿಫ್ಟ್ ಹೆಚ್ಚಿಸಲು ರೆಕ್ಕೆಯ ಹಿಂದಂಚಿನಲ್ಲಿ ಇಳಿಸುವ ಹಲಗೆ) ಇಲ್ಲದೆ 45 ನಾಟ್‌ಗೆ (ಗಂಟೆಗೆ ಸುಮಾರು 83 ಕಿಮೀ) ಸ್ಟಾಲ್ ಆಗಬೇಕೆಂದರೆ, ಅಂದರೆ ಗಾಳಿ ರೆಕ್ಕೆಯಿಂದ ಬೇರ್ಪಟ್ಟು ಲಿಫ್ಟ್ ಕುಸಿಯುವುದು ಆ ವೇಗದಲ್ಲಿ ಆಗಬೇಕೆಂದರೆ, ಸಮುದ್ರಮಟ್ಟದ ಗಾಳಿಯಲ್ಲಿ ಇಡೀ ರೆಕ್ಕೆಗೆ ಬೇಕಾದ ಗರಿಷ್ಠ ಲಿಫ್ಟ್ ಗುಣಾಂಕ (ವೇಗ, ವಿಸ್ತೀರ್ಣಗಳನ್ನು ಲೆಕ್ಕದಿಂದ ತೆಗೆದು ಲಿಫ್ಟ್ ಅಳೆಯುವ ಅಂಕಿ) ಸುಮಾರು 1.4. ರೆಕ್ಕೆತುದಿಯಲ್ಲಿ ಲಿಫ್ಟ್ ಸೋರಿಹೋಗುವುದರಿಂದ ಏರ್‌ಫಾಯಿಲ್‌ನಲ್ಲಿ 1.5ರ ಆಸುಪಾಸು ಇರಲಿ. ಅದೇ ವಿಮಾನ 100 ನಾಟ್‌ನಲ್ಲಿ ಹೋಗುವಾಗ ಬೇಕಾಗುವುದು 0.28 ಮಾತ್ರ. ಕ್ಯಾಂಬರ್, ಅಂದರೆ ಏರ್‌ಫಾಯಿಲ್‌ನ ನಡುಗೆರೆಯ ಬಾಗು, ತೀರ್ಮಾನಿಸುವುದು ಈ ಎರಡನೇ ಅಂಕಿಯಿಂದ, ಏಕೆಂದರೆ ವಿಮಾನ ಹೆಚ್ಚು ಹೊತ್ತು ಕಳೆಯುವುದು ಅಲ್ಲೇ.

ಅಮೆರಿಕದ ಹಳೆಯ ವಿಮಾನ ಸಂಶೋಧನಾ ಸಂಸ್ಥೆ ನಾಕಾ (NACA) ಹೆಸರಿಟ್ಟ ಏರ್‌ಫಾಯಿಲ್‌ಗಳಲ್ಲಿ 2412 ಎಂದರೆ ಕಾರ್ಡ್‌ನ 2% ಕ್ಯಾಂಬರ್, ಅದರ ಶಿಖರ ಮುಂಚೂಣಿಯಿಂದ (ರೆಕ್ಕೆಯ ಮುಂದಂಚು) 40% ದೂರದಲ್ಲಿ, ದಪ್ಪ 12%. ಇದಕ್ಕೆ ಹೊಂದುವ ಲಿಫ್ಟ್ ಗುಣಾಂಕ 0.25ರ ಹತ್ತಿರ, ನಮ್ಮ ಲೆಕ್ಕಕ್ಕೆ ಸರಿಯಾಗಿ ಕೂರುತ್ತದೆ. 4412ರಲ್ಲಿ ಕ್ಯಾಂಬರ್ ಎರಡರಷ್ಟು, ಗರಿಷ್ಠ ಲಿಫ್ಟೂ ತುಸು ಹೆಚ್ಚು. ಆಸೆ ಹುಟ್ಟುವುದು ಸಹಜ.

ಆದರೆ ಬಾಲವನ್ನು ಒಮ್ಮೆ ಕೇಳಿ. ಕ್ಯಾಂಬರ್ ಹೆಚ್ಚಿದಷ್ಟೂ ರೆಕ್ಕೆ ಮೂಗನ್ನು ಕೆಳಕ್ಕೆ ತಿರುಚುತ್ತದೆ. ಈ ಪಿಚಿಂಗ್ ಮೊಮೆಂಟ್‌ನ ಗುಣಾಂಕ 2412ಕ್ಕೆ ಸುಮಾರು −0.05, 4412ಕ್ಕೆ −0.09. ಬಾಲ 4 ಮೀಟರ್ ಹಿಂದಿದ್ದರೆ, 100 ನಾಟ್‌ನಲ್ಲಿ ಈ ತಿರುಚನ್ನು ಸರಿದೂಗಿಸಲಿಕ್ಕೇ ಅದು ಕೆಳಕ್ಕೆ ಒತ್ತಬೇಕಾದ ಭಾರ 2412ಕ್ಕೆ 38 ಕೆಜಿ, 4412ಕ್ಕೆ 68 ಕೆಜಿ. ಆ ಹೆಚ್ಚುವರಿ 30 ಕೆಜಿಯನ್ನೂ ರೆಕ್ಕೆಯೇ ಹೊರಬೇಕು. ವೇಗ 140 ನಾಟ್‌ಗೇರಿದರೆ ತಿರುಚು ಹತ್ತಿರಹತ್ತಿರ ಇಮ್ಮಡಿ. ಅದನ್ನು ತಡೆಯುವ ಗಟ್ಟಿತನ ರೆಕ್ಕೆಗೆ ಬೇಕು, ಅಂದರೆ ಮತ್ತೆ ತೂಕ. ನಿಧಾನವಾಗಿ ಹಾರುವ, ಚಿಕ್ಕ ರನ್‌ವೇಯ ವಿಮಾನವಾದರೆ 4412ಕ್ಕೆ ನನ್ನ ತಕರಾರಿಲ್ಲ.

ಹಾಗಾದರೆ ಅದೇ ನಾಕಾದ 23012? ಮೊಮೆಂಟ್ ಬಹುತೇಕ ಸೊನ್ನೆ, ಲಿಫ್ಟೂ ಚೆನ್ನಾಗಿದೆ. ಆದರೆ ಸ್ಟಾಲ್ ಸೂಚನೆ ಕೊಡದೆ ಥಟ್ಟನೆ ಬರುತ್ತದೆ. ಹೊಸ ಪೈಲಟ್‌ಗಳು ಹಾರಿಸುವ ವಿಮಾನಕ್ಕೆ ನಾನದನ್ನು ಹಾಕುವುದಿಲ್ಲ. ಸೆಸ್ನಾ 172ರ ರೆಕ್ಕೆ 2412ರ ಕುಟುಂಬದ್ದು, ಅದರ ಸಾಧು ಸ್ವಭಾವ ಆ ವಿಮಾನದಲ್ಲಿ ಹಾರಲು ಕಲಿತವರಿಗೆಲ್ಲ ಗೊತ್ತು.

ದಪ್ಪದಲ್ಲಿ ಜಿಪುಣತನ ಬೇಡ. 12% ಎಂದರೆ ನಮ್ಮ ರೆಕ್ಕೆಯಲ್ಲಿ 168 ಮಿಮೀ, 15% ಎಂದರೆ 210. ಸ್ಪಾರ್ (ರೆಕ್ಕೆಯ ಉದ್ದಕ್ಕೂ ಭಾರ ಹೊರುವ ತೊಲೆ) ಎತ್ತರವಾದಷ್ಟೂ ಹಗುರವಾಗುತ್ತದೆ. ಕ್ಲಾರ್ಕ್ ವೈ ಎಂಬ ಏರ್‌ಫಾಯಿಲ್‌ನ ಕೆಳಮೈ ಬಹುಪಾಲು ಚಪ್ಪಟೆ, ಮೇಜಿನ ಮೇಲಿಟ್ಟೇ ಜೋಡಿಸಬಹುದು. ಈ ಅನುಕೂಲವನ್ನು ಯಾವ ಗ್ರಾಫೂ ತೋರಿಸುವುದಿಲ್ಲ. ಬಟ್ಟೆ ಹೊದಿಸಿದ ರೆಕ್ಕೆಗೆ ಲ್ಯಾಮಿನಾರ್ (ಮೈಮೇಲೆ ಗಾಳಿ ಕದಡದೆ ಪದರಪದರವಾಗಿ ಹರಿಯುವಂತೆ ರೂಪಿಸಿದ) ಏರ್‌ಫಾಯಿಲ್ ಹುಡುಕಬೇಡಿ, ಅದಕ್ಕೆ ಬೇಕಾದ ನಯ ಅಲ್ಲಿ ಸಿಗದು.

ಆರಿಸಿದ್ದನ್ನು ಏರ್‌ಫಾಯಿಲ್ ಲೆಕ್ಕ ಹಾಕುವ ಎಕ್ಸ್‌ಫಾಯಿಲ್ ತಂತ್ರಾಂಶದಲ್ಲಿ ಸ್ಟಾಲ್ ವೇಗದ ರೆನಾಲ್ಡ್ಸ್ ಸಂಖ್ಯೆಗೇ (ವೇಗ, ಕಾರ್ಡ್, ಗಾಳಿಯ ಸ್ನಿಗ್ಧತೆ ಸೇರಿ ಹರಿವಿನ ಸ್ವಭಾವ ಹೇಳುವ ಅಂಕಿ) ಓಡಿಸಿ, ಇಲ್ಲಿ ಅದು ಸುಮಾರು 22 ಲಕ್ಷ. ಒಮ್ಮೆ ನಯವಾದ ಮೈ, ಇನ್ನೊಮ್ಮೆ ಮುಂಚೂಣಿಯ ಬಳಿಯೇ ಗಾಳಿ ಕದಡುವಂತೆ ಮಾಡಿ. ಗರಿಷ್ಠ ಲಿಫ್ಟನ್ನು ಈ ತಂತ್ರಾಂಶ ಹಿಗ್ಗಿಸಿ ಹೇಳುತ್ತದೆ, ಸ್ವಲ್ಪ ಕಡಿತ ಮಾಡಿಕೊಳ್ಳಿ. ಎರಡು ಓಟಗಳ ನಡುವೆ ಲಿಫ್ಟ್ ತೀರಾ ಕುಸಿದರೆ, ರೆಕ್ಕೆಗೆ ನಾಲ್ಕು ಹುಳ ಅಂಟಿದ ದಿನ ನಿಮ್ಮ ಸ್ಟಾಲ್ ವೇಗ ಬೇರೆಯೇ ಆಗಿರುತ್ತದೆ; ಆ ಏರ್‌ಫಾಯಿಲನ್ನು ಪಟ್ಟಿಯಿಂದ ತೆಗೆದುಬಿಡಿ.